ಕುರ್ಲಾದ ನೆಗೆಟಿವ್‌ಗಳಿಗೆ ಯಾವ ಸ್ಕ್ಯಾನರ್?

2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ಅದೇ ದಿನ ದಕ್ಷಿಣದ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 73 ಮಿಲಿಮೀಟರ್. ಒಂದೇ ಊರು, ಎರಡು ಮಳೆ. ವಿಹಾರ್ ಮತ್ತು ಪೊವಾಯಿ ಕೆರೆಗಳ ಕಡೆಯಿಂದ ಹರಿದು ಮಾಹಿಮ್ ಖಾರಿಯನ್ನು ಸೇರುವ ಮೀಠಿ ನದಿ ಕುರ್ಲಾ, ಕಲೀನಾಗಳ ಗಲ್ಲಿಗಳಿಗೆ ನುಗ್ಗಿತು. ಸತ್ತವರು ನೂರಾರು. ಬದುಕಿದವರು ಮನೆಗೆ ಮರಳಿದಾಗ ಅಕ್ಕಿ, ಹಾಸಿಗೆ, ಟಿವಿ, ಶಾಲೆಯ ಸರ್ಟಿಫಿಕೇಟುಗಳ ಜೊತೆಗೆ ಕೆಸರಿನಲ್ಲಿ ಒದ್ದೆಯಾದ ಇನ್ನೊಂದು ವಸ್ತು ಇತ್ತು: ಫೋಟೋ.

ನಷ್ಟದ ಪಟ್ಟಿಗಳಲ್ಲಿ ಫೋಟೋಗಳಿಗೆ ಜಾಗವಿರಲಿಲ್ಲ. ಫೋಟೋ ಕಳೆದುಹೋದರೂ ನೆಗೆಟಿವ್ ಇದ್ದರೆ ಇನ್ನೊಂದು ಪ್ರಿಂಟ್ ಹಾಕಿಸಬಹುದು ಎಂಬುದು ಒಂದು ತಲೆಮಾರಿನ ಧೈರ್ಯವಾಗಿತ್ತು. ಆದರೆ ತಗ್ಗಿನ ರಸ್ತೆಯ ಸ್ಟುಡಿಯೋಗಳಲ್ಲಿ ನೆಗೆಟಿವ್‌ಗಳು ಇರುತ್ತಿದ್ದದ್ದೂ ನೆಲಮಟ್ಟದ ಅಂಗಡಿಯಲ್ಲೇ, ಕಪಾಟಿನ ಕೆಳಗಿನ ಖಾನೆಯಲ್ಲೇ. ಅಲ್ಲಿಂದ ಇಲ್ಲಿಯವರೆಗೆ ಮಹಾನಗರದ ಹಳೆಯ ನೆಗೆಟಿವ್‌ಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ಬಿಡಿಬಿಡಿಯಾಗಿ ನಡೆಯುತ್ತಲೇ ಇದೆ. ಅದರಲ್ಲಿ ತೊಡಗಿದವರೆಲ್ಲ ಮೊದಲು ಕೇಳುವ ಪ್ರಶ್ನೆ, ಯಾವ ಸ್ಕ್ಯಾನರ್ ಒಳ್ಳೆಯದು? ಮಾರುಕಟ್ಟೆಯ ಪ್ರಶ್ನೆಯಂತೆ ಕಾಣುವ ಇದಕ್ಕೆ ಉತ್ತರ ಸಿಗುವುದು ಚರಿತ್ರೆಯಲ್ಲಿ.

ಚೌಕ ನೆಗೆಟಿವ್‌ನ ಕಾಲ

ಕುರ್ಲಾ ಮೊದಲಿನಿಂದಲೂ ರೈಲಿನ ಮತ್ತು ದುಡಿಮೆಯ ಊರು. 1925ರ ಫೆಬ್ರವರಿ 3ರಂದು ದೇಶದ ಮೊದಲ ವಿದ್ಯುತ್ ರೈಲು ವಿಕ್ಟೋರಿಯಾ ಟರ್ಮಿನಸ್ಸಿನಿಂದ ಹೊರಟು ಬಂದು ನಿಂತದ್ದು ಕುರ್ಲಾದಲ್ಲಿ. ಸ್ವದೇಶಿ ಮಿಲ್ಲು, ಪ್ರೀಮಿಯರ್ ಕಾರು ಕಾರ್ಖಾನೆ, ಅವುಗಳ ಸುತ್ತ ಚಾಳುಗಳು, ಚಾಳುಗಳ ಸುತ್ತ ಹೋಟೆಲುಗಳು. ಹೋಟೆಲುಗಳೊಂದಿಗೆ ಕರಾವಳಿಯ ಕನ್ನಡಿಗರು, ತುಳುವರು ಬಂದರು. ಬಂಟರ ಸಂಘದ ಬಂಟರ ಭವನ ಇಂದಿಗೂ ಕುರ್ಲಾ ಪೂರ್ವದಲ್ಲಿದೆ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ತೆರೆದ ಮೇಲೆ ಮಂಗಳೂರಿಗೆ ಹೋಗುವ ಮತ್ಸ್ಯಗಂಧ ಹೊರಡತೊಡಗಿದ್ದೂ ಕುರ್ಲಾ ಟರ್ಮಿನಸ್ಸಿನಿಂದಲೇ.

ಹಗಲು ಹೋಟೆಲಿನಲ್ಲಿ ದುಡಿದು ಕನ್ನಡದ ರಾತ್ರಿ ಶಾಲೆಯಲ್ಲಿ ಓದಿದ ಹುಡುಗರ ಕಥೆ ಮುಂಬಯಿ ಕನ್ನಡಿಗರ ಚರಿತ್ರೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಆ ಬದುಕಿನ ಹೆಚ್ಚಿನ ಭಾಗಕ್ಕೆ ಬರೆದ ದಾಖಲೆ ಕಡಿಮೆ. ಇರುವುದು ಸ್ಟುಡಿಯೋ ಫೋಟೋ. ಊರಿಗೆ ಕಳುಹಿಸಲು ಒಂದು, ಹುಡುಗಿಯ ಮನೆಯವರಿಗೆ ತೋರಿಸಲು ಒಂದು, ರಾತ್ರಿ ಶಾಲೆಯ ಗುಂಪಿನದ್ದೊಂದು, ಯಕ್ಷಗಾನದ ವೇಷದ್ದೊಂದು. 1970ರ ದಶಕದಲ್ಲಿ ಕೊಲ್ಲಿ ದೇಶಗಳ ದಾರಿ ತೆರೆದಾಗ ಮುಂಬಯಿಯೇ ಅದರ ಹೆಬ್ಬಾಗಿಲು. ಆಗ ಪಾಸ್‌ಪೋರ್ಟ್ ಫೋಟೋಗಳು.

ಇವುಗಳಲ್ಲಿ ಬಹುಪಾಲನ್ನು ತೆಗೆದದ್ದು 120 ಎಂಬ ರೋಲ್ ಫಿಲ್ಮಿನಲ್ಲಿ. ಕೊಡಾಕ್ ಕಂಪನಿ 1901ರಲ್ಲಿ ತನ್ನ ನಂಬರ್ 2 ಬ್ರೌನಿ ಎಂಬ ಅಗ್ಗದ ಡಬ್ಬಿ ಕ್ಯಾಮೆರಾಕ್ಕಾಗಿ ಹೊರತಂದ ಫಿಲ್ಮ್ ಇದು. ಅಗಲ ಸುಮಾರು 6 ಸೆಂಟಿಮೀಟರ್. 1929ರಲ್ಲಿ ಜರ್ಮನಿಯಿಂದ ಬಂದ ರೋಲಿಫ್ಲೆಕ್ಸ್, ಮೇಲಿನಿಂದ ಬಗ್ಗಿ ನೋಡುವ ಜೋಡಿ ಲೆನ್ಸಿನ ಕ್ಯಾಮೆರಾವನ್ನು ಜನಪ್ರಿಯಗೊಳಿಸಿತು. ಅದರ ಜಪಾನಿ ತಮ್ಮನಂತಿದ್ದ ಯಾಶಿಕಾ ನಮ್ಮ ಸ್ಟುಡಿಯೋಗಳಿಗೆ ಎಟುಕಿತು. ಮನೆಗಳಿಗೆ ಸಿಕ್ಕಿದ್ದು ಬರೋಡದ ನ್ಯೂ ಇಂಡಿಯಾ ಇಂಡಸ್ಟ್ರೀಸ್ ತಯಾರಿಸಿದ ಆಗ್ಫಾ ಕ್ಲಿಕ್ 3. ಸರ್ಕಾರಿ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ 1960ರಲ್ಲಿ ಸ್ಥಾಪನೆಯಾಗಿ 1967ರಿಂದ ಊಟಿಯಲ್ಲಿ ಇಂದು ಹೆಸರಿನ ಫಿಲ್ಮ್ ತಯಾರಿಸಿತು. ಆಮದಿಗೆ ಕಟ್ಟುನಿಟ್ಟಿದ್ದ ಆ ದಿನಗಳಲ್ಲಿ ಒಂದು ರೋಲಿನ 12 ಚೌಕಗಳಲ್ಲಿ ಒಂದನ್ನೂ ಯಾರೂ ಸುಮ್ಮನೆ ಹಾಳುಮಾಡುತ್ತಿರಲಿಲ್ಲ.

ಆ ಚೌಕದ ನಿಜವಾದ ಅಳತೆ ಸುಮಾರು 56 ಮಿಲಿಮೀಟರ್ ಉದ್ದ, ಅಷ್ಟೇ ಅಗಲ. ಆಮೇಲೆ ಬಂದ 35 ಮಿಲಿಮೀಟರ್ ಫಿಲ್ಮಿನ ಚೌಕಟ್ಟಿಗಿಂತ ವಿಸ್ತೀರ್ಣ ಮೂರೂವರೆ ಪಟ್ಟು ಹೆಚ್ಚು. ಒಂದು ಮುಖಕ್ಕೆ ಬೇಕಾದ್ದಕ್ಕಿಂತ ಜಾಗ ಧಾರಾಳ. ಹಾಗಾಗಿ ಪಾಸ್‌ಪೋರ್ಟ್ ಫೋಟೋ ಮುದ್ರಿಸುವಾಗ ನೆಗೆಟಿವ್‌ನ ನಡುಭಾಗ ಮಾತ್ರ ಬಳಕೆಯಾಗುತ್ತಿತ್ತು. ಸುತ್ತಲಿನದು ಯಾರಿಗೂ ಕಾಣುತ್ತಿರಲಿಲ್ಲ: ಪರದೆಯ ಅಂಚು, ಅದರಾಚೆಯ ಗೋಡೆ, ದೀಪದ ಕಂಬ, ಎರವಲು ಕೋಟಿನ ಕೆಳಗಿನ ಲುಂಗಿ, ಮಗುವನ್ನು ಹಿಡಿದ ತಾಯಿಯ ಕೈ. ಮಾನವಶಾಸ್ತ್ರಜ್ಞ ಕ್ರಿಸ್ಟೋಫರ್ ಪಿನ್ನಿ, ಮಧ್ಯಪ್ರದೇಶದ ನಾಗ್ದಾ ಪಟ್ಟಣದ ಸುಹಾಗ್ ಸ್ಟುಡಿಯೋದ ಸುರೇಶ್ ಪಂಜಾಬಿ ಅವರ ನೆಗೆಟಿವ್‌ಗಳನ್ನಿಟ್ಟುಕೊಂಡು 2013ರಲ್ಲಿ ಒಂದು ಪುಸ್ತಕವನ್ನೇ ತಂದರು. ಸಣ್ಣ ಊರಿನ ಸ್ಟುಡಿಯೋ ಕಪಾಟು ಕೂಡ ಇತಿಹಾಸದ ಆಕರ ಎಂದು ಆ ಪುಸ್ತಕ ತೋರಿಸಿತು. ಮುಂಬಯಿಯಲ್ಲೇ ಬಲ್ಲಾರ್ಡ್ ಎಸ್ಟೇಟಿನಲ್ಲಿ 1928ರಲ್ಲಿ ಶುರುವಾದ ಹ್ಯಾಮಿಲ್ಟನ್ ಸ್ಟುಡಿಯೋದ ಬಗ್ಗೆ ಪತ್ರಿಕೆಗಳು ಬರೆಯುತ್ತವೆ. ಅಲ್ಲಿ ಕೂತವರು ರಾಜರು, ಉದ್ಯಮಿಗಳು. ಕುರ್ಲಾದಂಥ ಕಡೆ ಸ್ಟೂಲಿನ ಮೇಲೆ ಕೂತವರು ಮಿಲ್ಲಿನವರು, ಹೋಟೆಲಿನವರು. ಅವರ ಮುಖಗಳು ಉಳಿಯುವುದಾದರೆ ಈ ಚೌಕಗಳಲ್ಲೇ ಉಳಿಯಬೇಕು.

ನೀರು, ಸೆಕೆ, ಬೆಳ್ಳಿ

ನೆಗೆಟಿವ್‌ಗೆ ಮೂರು ಶತ್ರುಗಳು. ಮೊದಲನೆಯದು ನೀರು. ಚಿತ್ರ ಇರುವುದು ಜೆಲಟಿನ್ ಪದರದಲ್ಲಿ. ಒದ್ದೆಯಾದರೆ ಅದು ಉಬ್ಬಿ ಮೆತ್ತಗಾಗುತ್ತದೆ. ಹಾಗೆಯೇ ಒಣಗಿದರೆ ಕಾಗದದ ಲಕೋಟೆಗೋ ಪಕ್ಕದ ನೆಗೆಟಿವ್‌ಗೋ ಅಂಟಿಕೊಳ್ಳುತ್ತದೆ. ಬಿಡಿಸಲು ಹೋದರೆ ಮುಖವೇ ಕಿತ್ತು ಬರುತ್ತದೆ. ಸಂರಕ್ಷಕರು ಹೇಳುವ ಕ್ರಮ ನಮ್ಮ ಸಹಜಬುದ್ಧಿಗೆ ವಿರುದ್ಧ: ಒದ್ದೆಯಾದ ನೆಗೆಟಿವ್‌ಗಳನ್ನು ಒಣಗಲು ಬಿಡದೆ ತಣ್ಣನೆಯ ಶುದ್ಧ ನೀರಿನಲ್ಲೇ ಇಟ್ಟು, ಎರಡು ಮೂರು ದಿನಗಳೊಳಗೆ ಒಂದೊಂದಾಗಿ ಬಿಡಿಸಿ ತೊಳೆದು ತೂಗುಹಾಕಬೇಕು. ಅಷ್ಟು ಬೇಗ ಆಗದಿದ್ದರೆ ಫ್ರೀಜರಿನಲ್ಲಿಡಬೇಕು. ಆ ಜುಲೈಯಲ್ಲಿ ಉಪನಗರಗಳಲ್ಲಿ ಕರೆಂಟೂ ಇರಲಿಲ್ಲ, ಕುಡಿಯುವ ನೀರಿಗೂ ಪರದಾಟ. ಎಲ್ಲರೂ ಸಹಜವಾಗಿಯೇ ಮಾಡಿದ್ದು ಬಿಸಿಲಿಗೆ ಒಣಹಾಕುವ ಕೆಲಸ.

ಎರಡನೆಯದು ಸೆಕೆ. ಬೇಗ ಹೊತ್ತಿಕೊಳ್ಳುತ್ತಿದ್ದ ಹಳೆಯ ನೈಟ್ರೇಟ್ ಫಿಲ್ಮಿನ ಬದಲು ಬಂದ ಅಸಿಟೇಟ್ ಫಿಲ್ಮನ್ನು ಸುರಕ್ಷಿತ ಎಂದು ಕರೆಯಲಾಯಿತು. 1948ರಲ್ಲಿ ಕೊಡಾಕ್ ಟ್ರೈಅಸಿಟೇಟ್ ತಂದ ಹತ್ತು ವರ್ಷಗಳೊಳಗೆ ಅದು ಕೆಡುತ್ತಿದೆ ಎಂಬ ಮೊದಲ ದೂರು ಕಂಪನಿಗೆ ಹೋಯಿತು. ದೂರು ಕೊಟ್ಟದ್ದು ಭಾರತ ಸರ್ಕಾರ. ಬಿಸಿ ಮತ್ತು ತೇವದಲ್ಲಿ ಇಟ್ಟ ಫಿಲ್ಮಿನಿಂದ ಅಸಿಟಿಕ್ ಆಮ್ಲ ಹೊರಬೀಳುತ್ತದೆ, ಡಬ್ಬಿ ತೆರೆದರೆ ವಿನಿಗರ್ ವಾಸನೆ. ಹೊರಬಂದ ಆಮ್ಲವೇ ಕೆಡುವಿಕೆಯನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಫಿಲ್ಮ್ ಕುಗ್ಗಿ, ಸುರುಳಿ ಸುತ್ತಿ, ಮೇಲಿನ ಪದರ ಸುಕ್ಕುಗಟ್ಟುತ್ತದೆ. ಇಂದು ಜಗತ್ತಿನ ಸಂಗ್ರಹಾಲಯಗಳೆಲ್ಲ ಹೆದರುವ ಈ ರೋಗ ಮೊದಲು ವರದಿಯಾದದ್ದು ನಮ್ಮ ಸೆಕೆಯಿಂದ.

ಮೂರನೆಯದು ಬೆಳ್ಳಿ. ಕಪ್ಪುಬಿಳುಪು ನೆಗೆಟಿವ್‌ನ ಕಪ್ಪು ಎಂದರೆ ಸೂಕ್ಷ್ಮ ಬೆಳ್ಳಿಯ ಕಣಗಳು. ಆಸ್ಪತ್ರೆಯ ಹಳೆ ಎಕ್ಸ್‌ರೇಗಳಂತೆ ನೆಗೆಟಿವ್‌ಗಳಿಗೂ ಭಂಗಾರದವರ ಹತ್ತಿರ ತೂಕದ ಬೆಲೆ ಇದೆ. ಮೊಬೈಲ್ ಬಂದು ಸ್ಟುಡಿಯೋ ಮುಚ್ಚಿ, ಆ ಜಾಗದಲ್ಲಿ ಝೆರಾಕ್ಸ್ ಅಂಗಡಿಯೋ ಮೊಬೈಲ್ ರಿಪೇರಿಯೋ ಬರುವಾಗ ಕಪಾಟು ಖಾಲಿಮಾಡುವ ಸುಲಭ ದಾರಿ ಅದು. ಹಳೆಯ ಎಲೆಕ್ಟ್ರಾನಿಕ್ಸ್ ಬಿಡಿಸುವ ವ್ಯವಹಾರಕ್ಕೆ ಮುಂಬಯಿಯಲ್ಲಿ ಹೆಸರಾದ ಜಾಗಗಳಲ್ಲಿ ಕುರ್ಲಾವೂ ಒಂದು. ನೆಗೆಟಿವ್ ಮತ್ತು ಅದನ್ನು ಉಳಿಸಬಲ್ಲ ಯಂತ್ರ ಎರಡೂ ಒಂದೇ ಪೇಟೆಯಲ್ಲಿ ಗುಜರಿಯಾಗುವುದು ಇಲ್ಲಿ ಅಸಂಭವವಲ್ಲ.

ಯಂತ್ರಗಳು ಬಂದವು, ಹೋದವು

ಫೋಟೋವನ್ನು ಅಂಕಿಗಳಾಗಿ ಬದಲಿಸಿದ ಮೊದಲ ಕಂಪ್ಯೂಟರ್ ಸ್ಕ್ಯಾನ್ ನಡೆದದ್ದು 1957ರಲ್ಲಿ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿದ್ದ ರಸೆಲ್ ಕರ್ಶ್ ತಮ್ಮ ಮೂರು ತಿಂಗಳ ಮಗನ 5 ಸೆಂಟಿಮೀಟರ್ ಚೌಕದ ಫೋಟೋವನ್ನು ತಿರುಗುವ ಡ್ರಮ್ಮಿನ ಮೇಲೆ ಸುತ್ತಿ 176 ಸಾಲು, 176 ಕಂಬಗಳ ಚಿತ್ರವಾಗಿಸಿದರು. ಅಲ್ಲಿಂದ ಮುಂದೆ ದಶಕಗಳ ಕಾಲ ಒಳ್ಳೆಯ ಸ್ಕ್ಯಾನಿಂಗ್ ಎಂದರೆ ಡ್ರಮ್ ಸ್ಕ್ಯಾನಿಂಗ್: ಫಿಲ್ಮನ್ನು ದ್ರವ ಸವರಿ ಪಾರದರ್ಶಕ ಉರುಳೆಗೆ ಅಂಟಿಸಿ, ವೇಗವಾಗಿ ತಿರುಗಿಸಿ, ಬಿಂದುಬಿಂದುವಾಗಿ ಬೆಳಕನ್ನು ಅಳೆಯುವುದು. ಅದು ಮುದ್ರಣಾಲಯಗಳ ಯಂತ್ರ. ಜಾಹೀರಾತು, ಕ್ಯಾಲೆಂಡರು, ಸಿನಿಮಾ ಪೋಸ್ಟರುಗಳಿಗೆ ಬಳಕೆಯಾಯಿತು. ಪಾಸ್‌ಪೋರ್ಟ್ ಫೋಟೋದ ನೆಗೆಟಿವ್ ಅದರ ಮೇಲೆ ಏರುವ ಮಾತೇ ಇರಲಿಲ್ಲ.

1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಸಿಸಿಡಿ ಸಂವೇದಕ ಮೇಜಿನ ಮೇಲಿಡುವ ಸ್ಕ್ಯಾನರನ್ನು ಸಾಧ್ಯವಾಗಿಸಿತು. 120 ಫಿಲ್ಮಿಗೆಂದೇ ಮಾಡಿದ ಮೇಜಿನ ಯಂತ್ರಗಳ ಒಳ್ಳೆಯ ಕಾಲ ಬಹಳ ಚಿಕ್ಕದು. 2001ರಲ್ಲಿ ನಿಕಾನ್‌ನ ಸೂಪರ್ ಕೂಲ್‌ಸ್ಕ್ಯಾನ್ 8000 ಮತ್ತು ಮಿನೋಲ್ಟಾದ ಮಲ್ಟಿ ಪ್ರೊ ಬಂದವು. 2003ರಲ್ಲಿ ನಿಕಾನ್ 9000 ಪ್ರಕಟವಾಯಿತು. ಡೆನ್ಮಾರ್ಕಿನ ಇಮಾಕಾನ್ ಕಂಪನಿ ಫ್ಲೆಕ್ಸ್‌ಟೈಟ್ ಎಂಬ ಯಂತ್ರದಲ್ಲಿ ಫಿಲ್ಮನ್ನು ಕಮಾನಿನಂತೆ ಬಗ್ಗಿಸಿ, ಮಧ್ಯೆ ಗಾಜಿಲ್ಲದೆಯೇ ಡ್ರಮ್ಮಿಗೆ ಹತ್ತಿರದ ಗುಣಮಟ್ಟ ತಂದಿತು. 2004ರಲ್ಲಿ ಅದು ಹ್ಯಾಸಲ್‌ಬ್ಲಾಡ್ ಜೊತೆ ಸೇರಿತು.

ಇವೆಲ್ಲ ಯಾರಿಗಾಗಿ ಎಂದು ಕೇಳಬೇಕು. ಫಿಲ್ಮಿನಲ್ಲಿ ತೆಗೆದು ಕಂಪ್ಯೂಟರಿನಲ್ಲಿ ಮುದ್ರಣಕ್ಕೆ ಸಿದ್ಧಪಡಿಸಬೇಕಿದ್ದ ವೃತ್ತಿಪರ ಛಾಯಾಗ್ರಾಹಕರಿಗಾಗಿ. ಅವರು ಡಿಜಿಟಲ್ ಕ್ಯಾಮೆರಾ ಹಿಡಿದ ಕೂಡಲೇ ಈ ಯಂತ್ರಗಳಿಗೆ ಗಿರಾಕಿ ಇಲ್ಲವಾಯಿತು. ಮಿನೋಲ್ಟಾ 2006ರಲ್ಲಿ ಫೋಟೋ ವ್ಯವಹಾರವನ್ನೇ ಬಿಟ್ಟಿತು. ನಿಕಾನ್ 9000 ತಯಾರಿಕೆ 2010ರ ಸುಮಾರಿಗೆ ನಿಂತಿತು. ಫ್ಲೆಕ್ಸ್‌ಟೈಟ್ 2019ರಲ್ಲಿ ಮುಗಿಯಿತು. ಹಳೆಯ ಸ್ಟುಡಿಯೋಗಳು ಸಾಲಾಗಿ ಮುಚ್ಚುತ್ತ, ಅವುಗಳ ನೆಗೆಟಿವ್‌ಗಳೂ ಇತಿಹಾಸ ಎಂಬ ಅರಿವು ನಮ್ಮಲ್ಲಿ ಮೂಡುವ ಹೊತ್ತಿಗೆ ಅವುಗಳಿಗೆ ಹೇಳಿ ಮಾಡಿಸಿದಂತಿದ್ದ ಯಂತ್ರಗಳ ಕಾಲ ಮುಗಿದಿತ್ತು. ಇಂದಿನ ಹೋಲಿಕೆಗಳೆಲ್ಲ ಈ ಅಂತರದೊಳಗೆ ನಡೆಯುವಂಥವು.

ಅಂಕಿ ಹೇಳುವುದೇನು

ಈಗ ಸಿಗುವ ದಾರಿಗಳು ಮುಖ್ಯವಾಗಿ ನಾಲ್ಕು: ಎಪ್ಸನ್ ಮಾದರಿಯ ಚಪ್ಪಟೆ ಸ್ಕ್ಯಾನರ್, ಪ್ಲಸ್‌ಟೆಕ್ ಆಪ್ಟಿಕ್‌ಫಿಲ್ಮ್ 120ರಂಥ ಹೊಸ ಫಿಲ್ಮ್ ಸ್ಕ್ಯಾನರ್, ಸೆಕೆಂಡ್ ಹ್ಯಾಂಡ್ ನಿಕಾನ್ ಅಥವಾ ಫ್ಲೆಕ್ಸ್‌ಟೈಟ್, ಮತ್ತು ಮ್ಯಾಕ್ರೋ ಲೆನ್ಸ್ ಹಾಕಿದ ಡಿಜಿಟಲ್ ಕ್ಯಾಮೆರಾ.

ಡಬ್ಬಿಯ ಮೇಲಿನ ಅಂಕಿ ನಂಬಿದರೆ ಎಪ್ಸನ್ನೇ ಗೆಲ್ಲಬೇಕು. 2006ರ ವಿ700, 2014ರ ವಿ850 ಎರಡರ ಮೇಲೂ 6400 ಡಿಪಿಐ ಎಂದಿದೆ. ನಿಕಾನ್ 9000ರ ಮೇಲೆ 4000 ಮಾತ್ರ. ಆದರೆ 1951ರಲ್ಲಿ ಅಮೆರಿಕದ ವಾಯುಪಡೆ ರೂಪಿಸಿದ ಗೆರೆಗಳ ಫಲಕವನ್ನು ಸ್ಕ್ಯಾನ್ ಮಾಡಿ, ಬೇರೆಬೇರೆಯಾಗಿ ಕಾಣುವ ಕೊನೆಯ ಗೆರೆ ಯಾವುದೆಂದು ನೋಡುವ ಪರೀಕ್ಷೆಯಲ್ಲಿ ವಿ700ರ ನಿಜವಾದ ಸಾಮರ್ಥ್ಯ 2300 ಡಿಪಿಐ ಆಸುಪಾಸು. ಅಗ್ಗದ ವಿ600 ಸುಮಾರು 1500ರ ಹತ್ತಿರ ನಿಲ್ಲುತ್ತದೆ. ನಿಕಾನ್ ಮಾತ್ರ ತಾನು ಹೇಳಿದ 4000ದ ಹತ್ತಿರವೇ ಬರುತ್ತದೆ. ಚಪ್ಪಟೆ ಸ್ಕ್ಯಾನರಿನ ಸಂವೇದಕ 6400 ಬಿಂದುಗಳನ್ನು ಎಣಿಸುವುದು ನಿಜ; ಅಷ್ಟು ಸೂಕ್ಷ್ಮವಾಗಿ ನೋಡುವ ಶಕ್ತಿ ಅದರ ಲೆನ್ಸಿಗೆ ಇಲ್ಲ.

ಇದರ ಪರಿಣಾಮ ಹಾರ್ಡ್ ಡಿಸ್ಕಿನಲ್ಲಿ ಕಾಣುತ್ತದೆ. ಒಂದು ಚೌಕವನ್ನು 6400 ಡಿಪಿಐಯಲ್ಲಿ 16 ಬಿಟ್ ಕಪ್ಪುಬಿಳುಪಾಗಿ ಸ್ಕ್ಯಾನ್ ಮಾಡಿದರೆ ಫೈಲು ಸುಮಾರು 400 ಎಂಬಿ. ಅದನ್ನೇ 2400ರಲ್ಲಿ ಮಾಡಿದರೆ 56 ಎಂಬಿ. ಕಾಣುವ ವಿವರ ಹೆಚ್ಚುಕಡಿಮೆ ಒಂದೇ. 10,000 ನೆಗೆಟಿವ್‌ಗಳ ಸಂಗ್ರಹವಾದರೆ ಒಂದು ಕಡೆ 4 ಟಿಬಿ, ಇನ್ನೊಂದು ಕಡೆ 560 ಜಿಬಿ.

ಇನ್ನೊಂದು ಬದಿಯಿಂದಲೂ ಲೆಕ್ಕ ಹಾಕಬೇಕು: ನೆಗೆಟಿವ್‌ನಲ್ಲಿ ಎಷ್ಟಿದೆ? ಒಳ್ಳೆಯ ಜೋಡಿ ಲೆನ್ಸಿನ ಕ್ಯಾಮೆರಾ ಮಿಲಿಮೀಟರಿಗೆ 40 ಗೆರೆಜೋಡಿಗಳನ್ನು ಹಿಡಿದಿದ್ದರೆ ಅದಕ್ಕೆ ಬೇಕಾದದ್ದು ಸುಮಾರು 2000 ಡಿಪಿಐ. 50 ಹಿಡಿದಿದ್ದರೆ 2500. ಸರಳ ಲೆನ್ಸಿನ ಆಗ್ಫಾ ಕ್ಲಿಕ್‌ನಲ್ಲಿ, ಕೈಯಲ್ಲಿ ಹಿಡಿದು ತೆಗೆದ ಚಿತ್ರದಲ್ಲಿ ಅಷ್ಟೂ ಇರುವುದಿಲ್ಲ. 2300 ಡಿಪಿಐಯಲ್ಲಿ ಆ ಚೌಕ ಸುಮಾರು 25 ಮೆಗಾಪಿಕ್ಸೆಲ್ ಚಿತ್ರವಾಗಿ, 17 ಇಂಚು ಅಗಲಕ್ಕೆ ಚೆನ್ನಾಗಿ ಮುದ್ರಣವಾಗುತ್ತದೆ. ತಾತನ ಪಾಸ್‌ಪೋರ್ಟ್ ಫೋಟೋ ಗೋಡೆಗೆ ಹಾಕಲು ಅಷ್ಟು ಸಾಕು. ಫಿಲ್ಮ್ ದೊಡ್ಡದಾಗಿರುವುದರ ಲಾಭವೇ ಇದು: 35 ಮಿಲಿಮೀಟರ್ ಫಿಲ್ಮಿಗೆ ಸಾಲದ ಯಂತ್ರ 120ಕ್ಕೆ ಸಾಲುತ್ತದೆ.

ಕ್ಯಾಮೆರಾದ ಲೆಕ್ಕವೂ ಹೀಗೆಯೇ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದ ಗಿಡ್ಡ ಬದಿ 4000 ಪಿಕ್ಸೆಲ್. ಚೌಕ ನೆಗೆಟಿವ್ ಅದರೊಳಗೆ ಕೂತರೆ ಸಿಗುವುದು ಸುಮಾರು 1800 ಡಿಪಿಐ. 45 ಮೆಗಾಪಿಕ್ಸೆಲ್‌ನದಾದರೆ 2500 ಹತ್ತಿರ. ಚಪ್ಪಟೆ ಸ್ಕ್ಯಾನರಿಗೆ ಸರಿಸಮ; ಆದರೆ ವೇಗ ಬೇರೆ. ಒಂದು ಚೌಕಕ್ಕೆ ಸ್ಕ್ಯಾನರಿನಲ್ಲಿ ಧೂಳು ಊದಿ, ಹೋಲ್ಡರಿಗೆ ಹಾಕಿ, ತೆಗೆದು 5 ನಿಮಿಷ ಹಿಡಿದರೆ 10,000 ಚೌಕಗಳಿಗೆ 833 ಗಂಟೆ. ದಿನಕ್ಕೆ 8 ಗಂಟೆಯಂತೆ 104 ದಿನ. ಕ್ಯಾಮೆರಾದಲ್ಲಿ ಒಂದು ನಿಮಿಷವಾದರೆ 21 ದಿನ. ವಿನಿಗರ್ ವಾಸನೆ ಶುರುವಾದ ಪೆಟ್ಟಿಗೆಯ ಮುಂದೆ, ಮತ್ತೊಂದು ಮಳೆಗಾಲ ಬರುವ ಮುಂಚೆ, ಈ ವ್ಯತ್ಯಾಸವೇ ಮುಖ್ಯವಾಗುತ್ತದೆ.

ಡಬ್ಬಿಯ ಮೇಲೆ ಬರೆಯದ ಸಂಗತಿಗಳು

ಸ್ಕ್ಯಾನರ್ ಜಾಹೀರಾತುಗಳಲ್ಲಿ ಡಿಜಿಟಲ್ ಐಸ್ ಎಂಬ ಹೆಸರು ಕಾಣುತ್ತದೆ. ಗೀರು, ಧೂಳನ್ನು ತಾನಾಗಿಯೇ ಅಳಿಸುವ ತಂತ್ರ ಅದು. ಅತಿರಕ್ತ ಕಿರಣ ಬಣ್ಣದ ಫಿಲ್ಮಿನ ವರ್ಣದ್ರವ್ಯವನ್ನು ಹಾದುಹೋಗುತ್ತದೆ, ಧೂಳಿನ ಬಳಿ ತಡೆಯುತ್ತದೆ. ಆ ನೆರಳಿನ ಆಧಾರದ ಮೇಲೆ ಧೂಳನ್ನು ಗುರುತಿಸಲಾಗುತ್ತದೆ. ಕಪ್ಪುಬಿಳುಪು ಫಿಲ್ಮಿನಲ್ಲಿ ಚಿತ್ರವೇ ಬೆಳ್ಳಿ. ಬೆಳ್ಳಿಯೂ ಆ ಕಿರಣವನ್ನು ತಡೆಯುತ್ತದೆ. ಯಂತ್ರಕ್ಕೆ ಮುಖವೂ ಧೂಳೂ ಒಂದೇ. ನಮ್ಮ ಹಳೆಯ ಸ್ಟುಡಿಯೋ ನೆಗೆಟಿವ್‌ಗಳು ಬಹುಪಾಲು ಕಪ್ಪುಬಿಳುಪಿನವೇ ಆದ್ದರಿಂದ ಈ ಸೌಕರ್ಯಕ್ಕೆ ಕೊಟ್ಟ ಹಣ ವ್ಯರ್ಥ. ಕುಂಚ, ಗಾಳಿಯ ಬುರುಡೆ ಮತ್ತು ತಾಳ್ಮೆಯೇ ಗತಿ.

ಎರಡನೆಯದು ಸುರುಳಿ. ನೆರೆಯಲ್ಲಿ ನೆಂದ, ಸೆಕೆಯಲ್ಲಿ ಕುಗ್ಗಿದ ಫಿಲ್ಮ್ ಚಪ್ಪಟೆಯಾಗಿ ಕೂರುವುದಿಲ್ಲ. ನಿಕಾನ್ 9000 ಇಲ್ಲಿಯೇ ಸೋಲುತ್ತದೆ: ಅದರ ಫೋಕಸ್ ಎಷ್ಟು ಚೂಪೋ ಅಷ್ಟು ತೆಳು. ಫಿಲ್ಮಿನ ನಡು ಉಬ್ಬಿದ್ದರೆ ಮೂಗು ಸ್ಪಷ್ಟ, ಕಿವಿ ಮಸುಕು. ಗಾಜಿನ ಹೋಲ್ಡರ್ ಬೇಕು, ಅದು ಯಂತ್ರದಷ್ಟೇ ಅಪರೂಪ. ಗಾಜಿಗೆ ಫಿಲ್ಮ್ ತಾಗಿದರೆ ನ್ಯೂಟನ್ ಉಂಗುರಗಳೆಂಬ ಕಾಮನಬಿಲ್ಲಿನಂಥ ಬಳೆಗಳು ಮೂಡುತ್ತವೆ. ಹಾಗಾಗಿ ಆ ಗಾಜು ತುಸು ಮಬ್ಬಿನದಾಗಿರಬೇಕು. ಫ್ಲೆಕ್ಸ್‌ಟೈಟ್ ಫಿಲ್ಮನ್ನು ಬಗ್ಗಿಸುತ್ತದೆ. ಪದರ ಏಳುತ್ತಿರುವ ಫಿಲ್ಮನ್ನು ಬಗ್ಗಿಸುವುದು ಅಪಾಯ. ತನ್ನ ಕಾಲದ ಅತ್ಯುತ್ತಮ ಯಂತ್ರ, ಕೆಟ್ಟಿರುವ ನೆಗೆಟಿವ್‌ಗೆ ಅತ್ಯುತ್ತಮವಲ್ಲ. ಮಬ್ಬು ಗಾಜಿನಡಿ ಮಲಗಿಸುವ ಚಪ್ಪಟೆ ಸ್ಕ್ಯಾನರೋ, ಲೆನ್ಸಿನ ಕಿಂಡಿ ಕಿರಿದಾಗಿಸಿ ಸ್ಪಷ್ಟತೆಯ ಆಳ ಹೆಚ್ಚಿಸಿಕೊಳ್ಳುವ ಕ್ಯಾಮೆರಾವೋ ಅಲ್ಲಿ ಮೇಲು.

ಮೂರನೆಯದು ಯಂತ್ರದ ಆಯುಷ್ಯ. ನಿಕಾನ್ 9000 ಕಂಪ್ಯೂಟರಿಗೆ ಸೇರುವುದು ಫೈರ್‌ವೈರ್ ಕೇಬಲ್ಲಿನಿಂದ. ಹೊಸ ಕಂಪ್ಯೂಟರುಗಳಲ್ಲಿ ಆ ತೂತೇ ಇಲ್ಲ. ಕಂಪನಿಯ ತಂತ್ರಾಂಶ ಹೊಸ ವ್ಯವಸ್ಥೆಗಳಲ್ಲಿ ಓಡುವುದಿಲ್ಲ. ವ್ಯೂಸ್ಕ್ಯಾನ್, ಸಿಲ್ವರ್‌ಫಾಸ್ಟ್ ಎಂಬ ಹೊರಗಿನ ತಂತ್ರಾಂಶಗಳು ಅದನ್ನು ಬದುಕಿಸಿವೆ. ಕೆಟ್ಟರೆ ಬಿಡಿಭಾಗಕ್ಕೆ ಇನ್ನೊಂದು ಹಳೆ ಯಂತ್ರವನ್ನೇ ಬಿಚ್ಚಬೇಕು. ಕ್ಯಾಮೆರಾ ಹಾಗಲ್ಲ: ಮದುವೆ ಫೋಟೋದವನ ಹತ್ತಿರವೂ ಇದೆ, ಕೆಟ್ಟರೆ ರಿಪೇರಿಯಾಗುತ್ತದೆ, ಕೆಲಸ ಮುಗಿದ ಮೇಲೆ ಬೇರೆ ಕೆಲಸಕ್ಕೂ ಬರುತ್ತದೆ. ಅದರ ಜೊತೆ ಬಣ್ಣ ತಪ್ಪದ ಸಮನಾದ ಬೆಳಕಿನ ಫಲಕ, ಅಲುಗದ ಸ್ಟ್ಯಾಂಡ್, ಫಿಲ್ಮನ್ನು ನೇರವಾಗಿ ಹಿಡಿಯುವ ಚೌಕಟ್ಟು ಬೇಕು. ಈ ಮೂರರಲ್ಲಿ ಜಿಪುಣತನ ಮಾಡಿದರೆ ಕ್ಯಾಮೆರಾ ಎಷ್ಟು ದುಬಾರಿಯದಾದರೂ ಫಲವಿಲ್ಲ.

ಯಾವುದು ಮೊದಲು

ಇಷ್ಟೆಲ್ಲ ಹೋಲಿಸಿದ ಮೇಲೆ ಒಂದು ಕ್ರಮ ಹೊಳೆಯುತ್ತದೆ. ಇಡೀ ಸಂಗ್ರಹವನ್ನು ಕ್ಯಾಮೆರಾದಿಂದ ಬೇಗ ಇಳಿಸುವುದು. ಸುರುಳಿ ಸುತ್ತಿದ, ಪದರ ಎದ್ದವುಗಳನ್ನು ಚಪ್ಪಟೆ ಸ್ಕ್ಯಾನರಿನಲ್ಲಿ ನಿಧಾನವಾಗಿ ಮಾಡುವುದು. ಪುಸ್ತಕಕ್ಕೋ ಪ್ರದರ್ಶನಕ್ಕೋ ಆರಿಸಿದ ಕೆಲವೇ ಗಟ್ಟಿ ನೆಗೆಟಿವ್‌ಗಳನ್ನು ನಿಕಾನ್ ಅಥವಾ ಫ್ಲೆಕ್ಸ್‌ಟೈಟ್ ಇರುವ ಕಡೆ ಕೊಂಡೊಯ್ಯುವುದು. ಯಾವುದರಲ್ಲಿ ಮಾಡಿದರೂ ಅಂಚು ಕತ್ತರಿಸದೆ ಇಡೀ ಚೌಕವನ್ನು ಹಿಡಿಯುವುದು, ಏಕೆಂದರೆ ಪ್ರಿಂಟಿನಲ್ಲಿ ಎಂದೂ ಬಾರದ ಕುರ್ಲಾ ಇರುವುದು ಆ ಅಂಚಿನಲ್ಲಿ.

ಯಾವ ಸ್ಕ್ಯಾನರೂ ಮಾಡಲಾರದ ಕೆಲಸವೊಂದಿದೆ. ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಬರೆದ ಹೆಸರು, ತಾರೀಕು, ರಸೀದಿ ನಂಬರು. ಗಲ್ಲೆಯ ಮೇಲಿದ್ದ ಆರ್ಡರು ಪುಸ್ತಕ. ನೆಗೆಟಿವ್ ಹೊರತೆಗೆದು ಲಕೋಟೆ ಎಸೆದರೆ 10,000 ಮುಖಗಳು ಉಳಿಯುತ್ತವೆ, ಒಬ್ಬರ ಹೆಸರೂ ಉಳಿಯುವುದಿಲ್ಲ. ಲಕೋಟೆಯನ್ನೂ ಅದರ ಚೌಕದ ನಂಬರಿನಲ್ಲೇ ಫೋಟೋ ತೆಗೆದು ಇಡಬೇಕು. ಈ ಮುಖ ಯಾರದು ಎಂದು ಹೇಳಬಲ್ಲ ಹಿರಿಯರು ಬಂಟರ ಭವನದ ಸಮಾರಂಭಗಳಲ್ಲಿ, ರಾತ್ರಿ ಶಾಲೆಗಳ ಹಳೆ ವಿದ್ಯಾರ್ಥಿಗಳಲ್ಲಿ, ಮತ್ಸ್ಯಗಂಧದಲ್ಲಿ ಊರಿಗೆ ಹೋಗಿ ನೆಲೆಸಿದವರಲ್ಲಿ ಇದ್ದಾರೆ. ಅವರಿಗೆ ತೋರಿಸಲು 1800 ಡಿಪಿಐ ಧಾರಾಳ.

ಸ್ಕ್ಯಾನ್ ಆದ ಮೇಲೂ ನೆಗೆಟಿವ್‌ಗಳನ್ನು ಎಸೆಯಬಾರದು. 1957ರ 176 ಸಾಲಿನ ಚಿತ್ರದಿಂದ ಇಲ್ಲಿಯವರೆಗೆ ಪ್ರತಿ ದಶಕವೂ ತನ್ನ ಸ್ಕ್ಯಾನೇ ಕೊನೆಯದೆಂದು ಭಾವಿಸಿದೆ. ಮುಂದಿನ ದಶಕ ಮತ್ತೆ ನೆಗೆಟಿವ್‌ನ ಬಳಿಗೇ ಹೋಗಿದೆ. ಆಮ್ಲವಿಲ್ಲದ ಕಾಗದದ ಲಕೋಟೆ, ತಂಪಾದ ಒಣ ಜಾಗ, ವಿನಿಗರ್ ವಾಸನೆ ಬಂದವುಗಳಿಗೆ ಬೇರೆಯೇ ಪೆಟ್ಟಿಗೆ. ಮೀಠಿ ನದಿಯ ಬದಿಯ ಊರಿನಲ್ಲಿ ಇನ್ನೂ ಒಂದು: ಕಪಾಟಿನ ಮೇಲಿನ ಖಾನೆ.